ಯಂತ್ರದ ಮೊದಲ ಎಕ್ಸ್‌ರೇ

ಕಂಪ್ಯೂಟರ್ ಕೆಟ್ಟಾಗ ಮಾತ್ರ ಜನಕ್ಕೆ ನನ್ನ ನೆನಪಾಗುತ್ತದೆ. ಅದಕ್ಕೆ ನನಗೇನೂ ಬೇಸರವಿಲ್ಲ, ನಲ್ಲಿ ರಿಪೇರಿಯವನಿಗೂ ಅದೇ ಗತಿ. ಬೆಳಿಗ್ಗೆ ಹಲಸೂರಿನ ಮನೆಯಿಂದ ಸ್ಕೂಟರ್ ಹತ್ತಿದರೆ ಲಿಂಗರಾಜಪುರದ ಹಲ್ಲಿನ ಕ್ಲಿನಿಕ್ಕು, ಶಿವಾಜಿನಗರದ ಅಂಗಡಿಗಳು, ದೊಡ್ಡನೆಕ್ಕುಂದಿಯಲ್ಲಿ ಲೇತ್ ಇಟ್ಟುಕೊಂಡವರ ಶೆಡ್ಡು, ಹೀಗೆ ದಿನ ಕಳೆಯುತ್ತದೆ. ಹೋದಲ್ಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಬ್ಯಾಕಪ್ ಇದೆಯಾ, ಅಂದರೆ ಈ ಕಂಪ್ಯೂಟರಿನಲ್ಲಿ ಇರುವುದರ ಇನ್ನೊಂದು ಪ್ರತಿ ಬೇರೆ ಕಡೆ ಇದೆಯಾ? ಎಲ್ಲರೂ ಕೊಡುವುದು ಒಂದೇ ಉತ್ತರ: ಇದೆ ಮೇಡಂ. ತೆಗೆದು ತೋರಿಸಿ ಎಂದರೆ ನನ್ನ ಮುಖ ನೋಡುತ್ತಾರೆ. ಆಗ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನಾನು ಬರುತ್ತಿದ್ದೇನೆಂದು ಗೊತ್ತಾದರೆ ಕೆಲವು ಅಂಗಡಿಗಳಲ್ಲಿ ಯಜಮಾನರು ಚಹಾ ಕುಡಿಯುವ ನೆಪ ಮಾಡಿ ಹೊರಗೆ ಹೋಗುವುದುಂಟು.

ಶಿವಾಜಿನಗರದಲ್ಲಿ ಅಣ್ಣತಮ್ಮಂದಿರಿಬ್ಬರು ನಡೆಸುವ ಒಂದು ಸಣ್ಣ ಎಕ್ಸ್‌ರೇ ಸೆಂಟರ್ ಇದೆ. ಕೆಳಗೆ ಪಾತ್ರೆ ಅಂಗಡಿ, ಮಹಡಿಯ ಮೇಲೆ ಇವರ ಎರಡು ಕೋಣೆ. ತಮ್ಮ ಓದಿದ್ದು ಎಕ್ಸ್‌ರೇ ಕೋರ್ಸ್, ಒಳಗಿನ ಕೋಣೆಯಲ್ಲಿ ಯಂತ್ರ ನೋಡಿಕೊಳ್ಳುತ್ತಾರೆ. ಅಣ್ಣ ಅವರಿಗಿಂತ ಬಹಳ ದೊಡ್ಡವರು, ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹೊರಗಿನ ಕೌಂಟರಿನಲ್ಲಿ ಕೂತು ಹೆಸರು ಬರೆದುಕೊಳ್ಳುವುದು, ಹೆದರಿದವರಿಗೆ ಸಮಾಧಾನ ಹೇಳುವುದು, ಚೈನು ತಾಯತ ಪಿನ್ನು ಎಲ್ಲ ತೆಗೆದಿಡಿ ಎಂದು ಕನ್ನಡ, ತಮಿಳು, ಉರ್ದು ಮೂರರಲ್ಲೂ ಹೇಳಿ ಒಳಗೆ ಕಳಿಸುವುದು ಅವರ ಕೆಲಸ. ನಾನು ಅವರನ್ನು ದೊಡ್ಡ ಭಾಯ್ ಎನ್ನುತ್ತೇನೆ, ತಮ್ಮನನ್ನು ಚಿಕ್ಕ ಭಾಯ್. ದೊಡ್ಡ ಭಾಯ್‌ಗೆ ನಾನು ಬೇಟಾ, ಚಿಕ್ಕ ಭಾಯ್‌ಗೆ ಮೇಡಂ.

ಅಲ್ಲಿ ನನ್ನ ಪಾಲಿಗೆ ಇದ್ದದ್ದು ಕೌಂಟರಿನ ಕಂಪ್ಯೂಟರ್ ಮತ್ತು ಪ್ರಿಂಟರ್ ಮಾತ್ರ. ಎಕ್ಸ್‌ರೇ ಚಿತ್ರಗಳು ಸೇರುವ ಒಳಗಿನ ಕಂಪ್ಯೂಟರನ್ನು ಯಂತ್ರ ಮಾರಿದ ಕಂಪನಿಯವರೇ ನೋಡಿಕೊಳ್ಳುತ್ತಿದ್ದರು. ಬೇರೆಯವರು ಮುಟ್ಟಬಾರದು ಎಂದು ಅದಕ್ಕೆ ಚೀಟಿ ಅಂಟಿಸಿದ್ದರು. ಆ ಕಂಪನಿ ಮುಚ್ಚಿಹೋದ ಮೇಲೂ ಚೀಟಿ ಹಾಗೇ ಇತ್ತು. ಕಪಾಟಿನ ಮೇಲೆ ಬ್ಯಾಕಪ್ಪಿಗೆಂದು ಒಂದು ಪುಟ್ಟ ಡಿಸ್ಕ್ ಇಟ್ಟು, ಅದಕ್ಕೊಂದು ಬಿಳಿ ಕರವಸ್ತ್ರ ಹೊದಿಸಿದ್ದರು. ಅದರ ಹಸಿರು ದೀಪ ಬಟ್ಟೆಯೊಳಗಿಂದ ಕಾಣುತ್ತಿತ್ತು. ಬ್ಯಾಕಪ್ ಇದೆಯಾ ಎಂದು ನಾನು ಕೇಳಿದಾಗಲೆಲ್ಲ ಚಿಕ್ಕ ಭಾಯ್ ಆ ದೀಪದ ಕಡೆ ಕೈ ತೋರಿಸುತ್ತಿದ್ದರು.

ಯಂತ್ರ ಬಂದ ದಿನದ ಕಥೆಯನ್ನು ಅವರಿಬ್ಬರೂ ನನಗೆ ಎಷ್ಟು ಸಲ ಹೇಳಿದ್ದಾರೋ. ಜೋಡಿಸಿ ಮುಗಿದ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಲು ಕಂಪನಿಯ ಎಂಜಿನಿಯರ್ ಒಂದು ನೀರಿನ ಡಬ್ಬ ಇಡಿ ಎಂದರಂತೆ. ದೊಡ್ಡ ಭಾಯ್ ಒಪ್ಪಲಿಲ್ಲ. ಮೊದಲನೆಯ ಚಿತ್ರ ಡಬ್ಬದ್ದಾದರೆ ಬರಕತ್ ಎಲ್ಲಿಂದ ಬರಬೇಕು ಎಂದು, ಬಿಸ್ಮಿಲ್ಲಾ ಹೇಳಿ, ತಾವೇ ಹೋಗಿ ಎದೆಯೊಡ್ಡಿ ನಿಂತರು. ಆ ಸಂಭ್ರಮದಲ್ಲಿ ಕೊರಳಿನ ಬೆಳ್ಳಿ ತಾಯತ ತೆಗೆಯುವುದನ್ನು ಮರೆತಿದ್ದರು. ಪರದೆಯ ಮೇಲೆ ಎದೆಗೂಡಿನ ನಟ್ಟನಡುವೆ ತಾಯತ ಬೆಳ್ಳಗೆ ಮೂಡಿತು. ಎಲ್ಲರೂ ನಕ್ಕರು. ಪ್ರಯೋಗದ ಚಿತ್ರ ಎಂದು ಅದನ್ನು ಫಿಲ್ಮಿಗೆ ಇಳಿಸಲಿಲ್ಲ, ಕಂಪ್ಯೂಟರಿನಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಊರಿನವರ ತಾಯತವನ್ನೆಲ್ಲ ತೆಗೆಸುತ್ತ ಐದು ವರ್ಷ ಕಳೆದ ಅವರು ಮತ್ತೆ ತಮ್ಮ ಎದೆಯ ಚಿತ್ರ ತೆಗೆಸಿಕೊಳ್ಳಲಿಲ್ಲ.

ಹೋದ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಧೂಳು, ಹವಾ ಬದಲಾವಣೆ ಎಂದು ಅವರೇ ಒಂದೊಂದು ಕಾರಣ ಕೊಟ್ಟುಕೊಂಡು ತಿಂಗಳುಗಟ್ಟಲೆ ತಳ್ಳಿದರು. ಕೊನೆಗೆ ತಮ್ಮ ಬಲವಂತ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಬಲಗಡೆ, ಕೆಳಭಾಗದಲ್ಲಿ ಒಂದು ಮಚ್ಚೆ ಕಂಡಿತು.

ಇದೆಲ್ಲ ನನಗೆ ಗೊತ್ತಾದದ್ದು ಚಿಕ್ಕ ಭಾಯ್ ಫೋನ್ ಮಾಡಿದಾಗ. ನಾನು ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸುಗಳ ಮಧ್ಯೆ ಸಿಕ್ಕಿಹಾಕಿಕೊಂಡಿದ್ದೆ. ಒಳಗಿನ ಕಂಪ್ಯೂಟರ್ ಸತ್ತುಹೋಗಿದೆ ಎಂದರು. ಚೀಟಿ ಕಿತ್ತು ಹಾಕ್ಲಾ ಈಗ, ಎಂದು ನಾನು ಚುಚ್ಚಿದೆ. ಅವರು ನಗಲಿಲ್ಲ.

"ಮೇಡಂ, ಅಣ್ಣಂದು ಹಳೇ ಎಕ್ಸ್‌ರೇ ಬೇಕು. ಅದಿಲ್ದಿದ್ರೆ ಕಷ್ಟ. ಬೇಗ ಬನ್ನಿ."

ನಾನು ಹೋಗುವ ಹೊತ್ತಿಗೆ ಸೆಂಟರಿನ ಬಾಗಿಲಿಗೆ ಇವತ್ತು ರಜಾ ಎಂಬ ಬೋರ್ಡು ನೇತುಹಾಕಿದ್ದರು. ಡಾಕ್ಟರ್ ಹೇಳಿದ್ದನ್ನು ಚಿಕ್ಕ ಭಾಯ್ ವಿವರಿಸಿದರು. ದೊಡ್ಡ ಭಾಯ್‌ಗೆ ಮದುವೆಗೆ ಮುಂಚೆ ಒಮ್ಮೆ ಟಿ.ಬಿ. ಆಗಿ ವಾಸಿಯಾಗಿತ್ತು. ಈ ಮಚ್ಚೆ ಆ ಕಾಲದ ಗಾಯದ ಗುರುತಿರಬಹುದು, ಅಥವಾ ಹೊಸದಾಗಿ ಬೆಳೆಯುತ್ತಿರುವ ಗಡ್ಡೆಯಿರಬಹುದು. ಹಳೆಯ ಎಕ್ಸ್‌ರೇಯಲ್ಲೂ ಅದೇ ಜಾಗದಲ್ಲಿ ಅದೇ ಮಚ್ಚೆ ಇದ್ದರೆ ಹೆದರಬೇಕಾಗಿಲ್ಲ, ಬಿಟ್ಟುಬಿಡಬಹುದು. ಹಳೆಯದು ಸಿಗದಿದ್ದರೆ ಮೂರು ತಿಂಗಳು ಕಾದು, ಇನ್ನೊಮ್ಮೆ ತೆಗೆದು, ಬೆಳೆದಿದೆಯೋ ಇಲ್ಲವೋ ನೋಡಬೇಕು. ಹಳೆಯದರಲ್ಲಿ ಮಚ್ಚೆ ಇಲ್ಲವೇ ಇಲ್ಲ ಎಂದಾದರೆ ಏನು ಎಂಬುದನ್ನು ಚಿಕ್ಕ ಭಾಯ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಮೊದಲನೆಯ ಚಿತ್ರ ಹುಡುಕಲು ಅವರು ಕಂಪ್ಯೂಟರಿನಲ್ಲಿ ಹಿಂದಿನ ವರ್ಷಗಳಿಗೆ ಹೋಗಿದ್ದರು. ವರ್ಷಗಳಿಂದ ಯಾರೂ ತೆರೆಯದ ಜಾಗಗಳವು. ಅಲ್ಲಿಗೆ ಹೋಗುತ್ತಲೇ ಒಳಗಿನ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಿ ನಿಂತುಬಿಟ್ಟಿತ್ತು. "ಪರವಾಗಿಲ್ಲ ಮೇಡಂ, ಬ್ಯಾಕಪ್ ಇದೆ" ಎಂದು ಅವರು ಕರವಸ್ತ್ರ ಸರಿಸಿ ಪುಟ್ಟ ಡಿಸ್ಕನ್ನು ನನ್ನ ಕೈಗಿತ್ತರು. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದರಲ್ಲಿ ಒಂದು ಫೋಲ್ಡರ್ ಇತ್ತು. ತೆರೆದರೆ ಖಾಲಿ.

ಮತ್ತೆ ಮತ್ತೆ ನೋಡಿದೆ. ಹೊಸ ಡಿಸ್ಕ್ ಅಂಗಡಿಯಿಂದ ಹೇಗೆ ಬಂದಿತ್ತೋ ಹಾಗೇ ಇತ್ತು.

ಕಾಪಿ ಯಾವಾಗ ಆಗುವಂತೆ ಇಟ್ಟಿದ್ದರು ಎಂದು ಕೇಳಿದೆ. ಚಿಕ್ಕ ಭಾಯ್ ಹೇಳಿದರು: "ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ. ನಾನೇ ಹೇಳಿ ಹಾಕ್ಸಿದ್ದು. ಆಗ ನಾವಿಬ್ರೂ ಜುಮಾ ನಮಾಜ್‌ಗೆ ಹೋಗಿರ್ತೀವಿ, ಯಂತ್ರ ಸುಮ್ನೆ ಇರತ್ತೆ. ಬೇರೆ ಟೈಮಲ್ಲಿ ಕಾಪಿ ಆದ್ರೆ ಪೇಷೆಂಟ್ಸ್ ಕಾಯ್ಬೇಕಲ್ಲ."

ಒಳ್ಳೆಯ ಯೋಚನೆಯೇ. ನಾನಾದರೂ ಹಾಗೇ ಮಾಡುತ್ತಿದ್ದೆ. ಹಾಗಾದರೆ ಯಾಕೆ ಆಗಿಲ್ಲ ಎಂದು ತಲೆ ಕೆರೆದುಕೊಳ್ಳುತ್ತ, ನಮಾಜಿಗೆ ಹೋಗುವಾಗ ಏನೇನು ಮಾಡುತ್ತೀರಿ, ಒಂದೊಂದೇ ಹೇಳಿ ಎಂದೆ. ಬಾಗಿಲಲ್ಲಿ ನಿಂತಿದ್ದ ದೊಡ್ಡ ಭಾಯ್ ಉತ್ತರ ಕೊಟ್ಟರು.

"ಇವನು ಮುಂದೆ ಹೋಗ್ತಾನೆ. ನಾನು ಯುಪಿಎಸ್ ಆಫ್ ಮಾಡಿ, ಮೇನ್ ಇಳ್ಸಿ, ಬೀಗ ಹಾಕ್ಕೊಂಡು ಬರ್ತೀನಿ. ಒಂದು ಜುಮಾನೂ ಮರೆತಿಲ್ಲ ಬೇಟಾ."

ಅವರ ಅಬ್ಬಾಜಾನ್ ಇಟ್ಟಿದ್ದ ಬಟ್ಟೆ ಅಂಗಡಿ ಇದೇ ಬೀದಿಯಲ್ಲಿತ್ತು. ಒಂದು ಶುಕ್ರವಾರ ಎಲ್ಲರೂ ಮಸೀದಿಯಲ್ಲಿದ್ದಾಗ ಶಾರ್ಟ್ ಸರ್ಕ್ಯೂಟ್ ಆಗಿ ಥಾನುಗಟ್ಟಲೆ ಬಟ್ಟೆ ಬೂದಿಯಾಯಿತು. ಆಗ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ ಕೂಸು. ಬೆಂಕಿ ಕಂಡವರು ದೊಡ್ಡ ಭಾಯ್. ಅವತ್ತಿನಿಂದ ಅವರು ಯಾವ ಬಾಗಿಲಿಗೆ ಬೀಗ ಹಾಕಿದರೂ ಮೊದಲು ಮೇನ್ ಇಳಿಸುತ್ತಾರೆ. ರಾತ್ರಿಯೂ ಅಷ್ಟೆ, ಜುಮಾ ಹೊತ್ತಿನಲ್ಲೂ ಅಷ್ಟೆ. ಕಾಪಿ ಆಗಬೇಕಾದ ಒಂದು ಗಂಟೆಗೆ ಅಲ್ಲಿ ಕರೆಂಟೇ ಇರುತ್ತಿರಲಿಲ್ಲ. ತಮ್ಮ ಮೆಟ್ಟಿಲಿಳಿದು ಮುಂದೆ ಹೋಗಿರುತ್ತಿದ್ದರಿಂದ ಅದನ್ನು ಒಮ್ಮೆಯೂ ನೋಡಿರಲಿಲ್ಲ. ತಿರುಗಿ ಬಂದ ಮೇಲೆ ಅಣ್ಣನೇ ಮೊದಲು ಬೀಗ ತೆಗೆದು ಎಲ್ಲ ಹಚ್ಚಿಡುತ್ತಿದ್ದರು, ಹಸಿರು ದೀಪವೂ ಹತ್ತಿಕೊಳ್ಳುತ್ತಿತ್ತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇಲ್ಲಿ ಕೋಣ ಯಾವುದು? ಇಬ್ಬರೂ ಸೆಂಟರನ್ನು ಕಾಪಾಡಲೆಂದೇ ಎಳೆದಿದ್ದರು. ಬೇರೆಯವರಾಗಿದ್ದರೆ ನಾನು ಬೀದಿಗೆ ಕೇಳುವಂತೆ ಬೈಯುತ್ತಿದ್ದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ಹೇಳುವ ಮಾತುಗಳು ನನ್ನಲ್ಲಿ ಬೇಕಾದಷ್ಟಿವೆ. ಅವತ್ತು ಒಂದೂ ಹೊರಗೆ ಬರಲಿಲ್ಲ. ಚಿಕ್ಕ ಭಾಯ್ ಅಣ್ಣನನ್ನೇ ನೋಡುತ್ತಿದ್ದರು. ದೊಡ್ಡ ಭಾಯ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೋಗಿ ಕೌಂಟರಿನ ಕುರ್ಚಿಯ ಮೇಲೆ ಕೂತರು.

ಉಳಿದದ್ದು ಒಂದೇ ದಾರಿ, ಸತ್ತ ಡಿಸ್ಕಿನಿಂದಲೇ ತೆಗೆಯುವುದು. ಪೂರ್ತಿ ಸತ್ತಿರಲಿಲ್ಲ. ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಬೇರೆ ಡಿಸ್ಕಿಗೆ ಇಳಿಸಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಹೋಗಬೇಕು. ನಡುನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಬೇಕು. ಅವಸರ ಮಾಡಿದರೆ ಇದ್ದದ್ದೂ ಹೋಗುತ್ತದೆ. ನನ್ನ ಮನೆಗೆ ತೆಗೆದುಕೊಂಡು ಹೋಗಿ ಮಾಡುತ್ತೇನೆಂದೆ. ದೊಡ್ಡ ಭಾಯ್ ಬೇಡವೆಂದರು.

"ಜನ ನಮ್ಮನ್ನ ನಂಬಿ ಎದೆ ತೋರ್ಸಿರೋದು. ಅದು ಈ ಕೋಣೆ ಬಿಟ್ಟು ಹೋಗ್ಬಾರ್ದು. ನೀನೇ ಇಲ್ಲಿ ಬಾ ಬೇಟಾ, ಎಷ್ಟು ದಿನ ಆದ್ರೂ ಆಗ್ಲಿ."

ಹೀಗಾಗಿ ನಾನು ಬೇರೆ ಕಡೆಯವರಿಗೆಲ್ಲ ಸಬೂಬು ಹೇಳಿ ಆ ಕೋಣೆಯಲ್ಲಿ ಕೂತೆ. ಡಿಸ್ಕ್ ಒಂದಿಷ್ಟು ಕೊಡುವುದು, ತಡವರಿಸುವುದು, ಮತ್ತೆ ಒಂದಿಷ್ಟು ಕೊಡುವುದು. ಬಂದ ಚಿತ್ರಗಳಿಗೆ ಹೆಸರಿಲ್ಲ, ತಾರೀಕಿಲ್ಲ. ಕೆಟ್ಟ ಡಿಸ್ಕಿನಿಂದ ತೆಗೆದಾಗ ಎಷ್ಟೋ ಸಲ ಹಾಗಾಗುತ್ತದೆ. ಕಣ್ಣಿನಿಂದ ನೋಡಿಯೇ ಹುಡುಕಬೇಕು. ನಾನೂ ಚಿಕ್ಕ ಭಾಯ್ ಪಕ್ಕಪಕ್ಕ ಕೂತು ನೋಡುತ್ತ ಹೋದೆವು. ಎದೆ, ಮಂಡಿ, ಮುರಿದ ಮುಂಗೈ, ಮತ್ತೆ ಎದೆ. ಎಲ್ಲೋ ಒಂದು ಮರೆತ ಹುಕ್ಕು, ಎಲ್ಲೋ ಜೇಬಿನಲ್ಲುಳಿದ ನಾಣ್ಯ. ನಮಗೆ ಬೇಕಾದದ್ದು ನಡುವೆ ತಾಯತವಿದ್ದ ಎದೆ.

ಆ ದಿನಗಳಲ್ಲಿ ದೊಡ್ಡ ಭಾಯ್ ಒಮ್ಮೆಯೂ ಸಿಕ್ಕಿತಾ ಎಂದು ಕೇಳಲಿಲ್ಲ. ಹಾಲಿಲ್ಲದ ಸುಲೈಮಾನಿ ಚಹಾ ತಂದಿಟ್ಟು ಹೋಗುತ್ತಿದ್ದರು. ಗೋಡೆಯಾಚೆ ಅವರ ಕೆಮ್ಮು ಕೇಳುತ್ತಿತ್ತು. ಒಂದು ಸಲ ಮಾತ್ರ ಲೋಟ ಇಟ್ಟು, ಬಾಗಿಲ ಹತ್ತಿರ ನಿಂತು ಹೇಳಿದರು: "ಮುಂದಿನ ತಿಂಗಳು ಮಗಳ ನಿಕಾಹ್ ಅಲ್ವಾ. ಹಳೇದ್ರಲ್ಲೂ ಮಚ್ಚೆ ಇರ್ಲಿ ಅಂತ ದುಆ ಮಾಡು."

ನಾನು ದೇವರ ಹತ್ತಿರ ಅಷ್ಟಾಗಿ ವ್ಯವಹಾರ ಇಟ್ಟುಕೊಂಡವಳಲ್ಲ. ಆದರೂ ಅವತ್ತು ಸಂಜೆ ಹಲಸೂರು ಕೆರೆ ಪಕ್ಕದಲ್ಲಿ ಸಿಗ್ನಲ್ಲಿಗೆ ನಿಂತಾಗ ಬೇಡಿಕೊಂಡೆ. ಯಾವ ದೇವರನ್ನು ಎಂದು ಯೋಚಿಸಲಿಲ್ಲ. ಒಬ್ಬ ಮನುಷ್ಯನ ಎದೆಯಲ್ಲಿ ಮಚ್ಚೆ ಇರಲಿ ಎಂದು ಬೇಡಿಕೊಳ್ಳುವ ದಿನ ಬರುತ್ತದೆಂದು ಯಾರು ಎಣಿಸಿದ್ದರು? ಹಿಂದಿನವನು ಹಾರ್ನ್ ಹೊಡೆದಾಗ ಹೊರಟೆ.

ಚಿತ್ರ ಸಿಕ್ಕಿದ್ದು ಒಂದು ಮಧ್ಯಾಹ್ನ. ಡಿಸ್ಕಿನ ಕೆಟ್ಟ ಭಾಗದಲ್ಲೇ ಇತ್ತು. ಮೇಲಿನಿಂದ ಸ್ವಲ್ಪ ಸ್ವಲ್ಪವೇ ಬಂದು ಪರದೆ ತುಂಬಿತು. ಮೊದಲು ಭುಜ, ಆಮೇಲೆ ಪಕ್ಕೆಲುಬು, ನಡುವೆ ಬೆಳ್ಳಗೆ ತಾಯತ. "ಇದೇ" ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ನಾನು ಚಿಕ್ಕ ಭಾಯ್ ಬೆನ್ನಿಗೆ ಗುದ್ದಿಯೇಬಿಟ್ಟೆ. ಕೈಗೆ ಸಿಗದದ್ದು ಸಿಕ್ಕಾಗ ಈ ಕೆಲಸದಲ್ಲಿ ಆಗುವ ಖುಷಿ ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಆ ಖುಷಿಯಲ್ಲಿ ನಾನು ಚಿತ್ರದಲ್ಲಿ ಏನಿದೆ ಎಂದು ನೋಡಲೇ ಇಲ್ಲ. ಅವರು ನೋಡಿದರು.

ಆಸ್ಪತ್ರೆಯ ಹೊಸ ಫಿಲ್ಮನ್ನು ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿಟ್ಟಿದ್ದರು. ಅದನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. ಬೆಳಕು ಹೆಚ್ಚು ಮಾಡಿ, ಕಡಿಮೆ ಮಾಡಿ, ಆ ಜಾಗವನ್ನು ದೊಡ್ಡದು ಮಾಡಿ ನೋಡಿದರು. ನನಗೆ ಎಕ್ಸ್‌ರೇ ಓದಲು ಬರುವುದಿಲ್ಲ. ಆದರೆ ಒಂದರಲ್ಲಿ ಬಲಗಡೆ ಕೆಳಗೆ ಮಸುಕು ಬಿಳಿ ಉಂಡೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಇದನ್ನು ನೋಡಲು ಓದು ಬೇಕಾಗಿರಲಿಲ್ಲ.

ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಧ್ವನಿ ತಗ್ಗಿಸಿದರು.

"ಮೇಡಂ, ಸಿಗ್ಲಿಲ್ಲ ಅಂದ್ಬಿಡಿ."

ನಾನು ಪರದೆಯಿಂದ ಅವರ ಕಡೆಗೆ ತಿರುಗಿದೆ.

"ಸಿಗದಿದ್ರೆ ಮೂರು ತಿಂಗಳು ಕಾಯೋಣ ಅಂದಿದ್ದಾರಲ್ಲ ಡಾಕ್ಟರ್. ಅಷ್ಟ್ರಲ್ಲಿ ನಿಕಾಹ್ ಮುಗ್ದೋಗತ್ತೆ. ಮಗಳನ್ನ ನಗ್ತಾ ಕಳಿಸ್ಲಿ. ಆಮೇಲೆ ನಾನೇ ಕರ್ಕೊಂಡ್ ಹೋಗ್ತೀನಿ. ನಿಮ್ಗೆ ಇದರಲ್ಲಿ ಏನೂ ಹೋಗಲ್ಲ."

"ಮೂರು ತಿಂಗಳಲ್ಲಿ ಅದು ಸುಮ್ನೆ ಕೂತಿರತ್ತಾ?" ಎಂದೆ. ಸಿಟ್ಟಿನಲ್ಲಿ ನನ್ನ ಧ್ವನಿ ಏರಿತು. "ಸತ್ತ ಡಿಸ್ಕಿಂದ ಬಗೆದು ತೆಗ್ದಿದ್ದು ಮತ್ತೆ ಹೂಳಕ್ಕಾ? ನನ್ ಕೈಲಿ ಆಗಲ್ಲ. ಬೇಕಾದ್ರೆ ನೀವೇ ಹೇಳಿ, ನಾನು ಪಕ್ಕದಲ್ಲಿ ನಿಂತ್ಕೊಳಲ್ಲ."

ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ. ಆ ಮನುಷ್ಯ ಅಣ್ಣನ ಕೈಯಲ್ಲಿ ಬೆಳೆದವರು. ಅಬ್ಬಾಜಾನ್ ಹೋದ ಮೇಲೆ ಎಕ್ಸ್‌ರೇ ಕೋರ್ಸಿಗೆ ಸೇರಿಸಿದ್ದೂ ಅಣ್ಣನೇ. ಅಣ್ಣನಿಗೆ ಒಂದು ನೆಮ್ಮದಿಯ ತಿಂಗಳು ಕೊಡಬೇಕೆಂದು ಅವರಿಗೆ ಅನಿಸಿದ್ದರಲ್ಲಿ ತಪ್ಪೇನು ಎಂದು ನನಗೂ ಗೊತ್ತಿರಲಿಲ್ಲ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತರು.

ಬಾಗಿಲು ತೆರೆಯಿತು. ದೊಡ್ಡ ಭಾಯ್ ಒಳಗೆ ಬಂದರು. ಕೈಯಲ್ಲಿ ಚಹಾ ಇರಲಿಲ್ಲ. ಎಷ್ಟು ಕೇಳಿಸಿಕೊಂಡಿದ್ದರೋ ಇವತ್ತಿಗೂ ತಿಳಿಯದು. ಪರದೆಯ ಮುಂದೆ ನಿಂತು ತಾಯತ ನೋಡಿದರು, ಗುರುತು ಹಿಡಿದರು.

"ಡಾಕ್ಟರ್ ಹೇಳಿದ ಜಾಗ ಎಲ್ಲಿ, ತೋರ್ಸು ಬೇಟಾ."

ತಮ್ಮನನ್ನು ಬಿಟ್ಟು ನನ್ನನ್ನು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ, ಬಗ್ಗಿ, ತುಂಬಾ ಹೊತ್ತು ನೋಡಿದರು.

"ಏನೂ ಇಲ್ಲ" ಎಂದರು.

"ಇಲ್ಲ ಭಾಯ್."

ತಮ್ಮನ ತಲೆಯ ಮೇಲೆ ಕೈಯಿಟ್ಟು, "ಪ್ರಿಂಟ್ ತೆಗಿ. ನಾಳೆ ಬೆಳಿಗ್ಗೆ ಹೋಗಿ ಕೊಟ್ ಬರೋಣ" ಎಂದರು.

ಮರುದಿನ ಡಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ. ಮೂರು ತಿಂಗಳ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ವಾರವೇ ಅಡ್ಮಿಟ್ ಆಗಿ ಎಂದರು. ದೊಡ್ಡ ಭಾಯ್ ಬೀಗರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಿಕಾಹ್ ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೇ ಬಂತು. ಅದೇ ವಾರ ಮಸೀದಿಯಲ್ಲಿ ಹತ್ತಿರದವರ ಎದುರಿಗೆ, ಬಿರಿಯಾನಿ ಇಲ್ಲದೆ, ಖರ್ಜೂರ ಹಂಚಿ ಮುಗಿಸಿದರು. ಹೆಂಗಸರೆಲ್ಲ ಕೂತಿದ್ದ ಮನೆಗೆ ನಾನು ಹೋಗಿದ್ದೆ. ಹುಡುಗಿ ಅಳುತ್ತಿದ್ದಳು. ಮದುವೆಯ ಅಳು ಯಾವುದು, ಅಪ್ಪನಿಗಾಗಿ ಅತ್ತದ್ದು ಯಾವುದು ಎಂದು ಯಾರು ಬಿಡಿಸಿ ಹೇಳಬೇಕು?

ಅದು ಕೆಟ್ಟ ಗಡ್ಡೆಯೇ ಆಗಿತ್ತು. ಬಲಗಡೆಯ ಶ್ವಾಸಕೋಶದ ಕೆಳಭಾಗ ತೆಗೆದರು. ಆಮೇಲೆ ಔಷಧ, ವಾಂತಿ, ಉದುರಿದ ಗಡ್ಡ. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ವಾಸಿಯಾಯಿತು ಎಂದು ಮಾತ್ರ ಇನ್ನೂ ಹೇಳಿಲ್ಲ. ಚಿಕ್ಕ ಭಾಯ್ ನನ್ನ ಜೊತೆ ಎಂದಿನಂತೆ ಮಾತಾಡಲು ಬಹಳ ದಿನ ಹಿಡಿಯಿತು. ನಾನೂ ಬಲವಂತ ಮಾಡಲಿಲ್ಲ. ಒಳಗಿನ ಕಂಪ್ಯೂಟರ್ ಈಗ ನನ್ನ ಪಾಲಿಗೆ ಬಂದಿದೆ.

ಮೊನ್ನೆ ಹೋದಾಗ ದೊಡ್ಡ ಭಾಯ್ ಕೌಂಟರಿನಲ್ಲಿದ್ದರು. ಈಗ ಮೂರು ಭಾಷೆಯಲ್ಲಿ ಹೇಳುವಷ್ಟು ಉಸಿರಿಲ್ಲ. ಬಂದವರ ಮುಖ ನೋಡಿ ಒಂದರಲ್ಲಿ ಹೇಳುತ್ತಾರೆ. ಪೇಷೆಂಟುಗಳೆಲ್ಲ ಹೋದ ಮೇಲೆ ನಿಧಾನಕ್ಕೆ ಎದ್ದು ಒಳಗೆ ಬಂದು, ಆ ಚಿತ್ರ ಒಮ್ಮೆ ಹಾಕು ಎಂದರು. ಹಾಕಿದೆ. ಗೋಡೆ ಹಿಡಿದುಕೊಂಡು ನಿಂತು ನೋಡಿದರು.

"ಇದು ತೆಗ್ಸಿದ ದಿನ ಬೆಳಿಗ್ಗೆಯಿಂದ ನಾನು ಏನ್ ಮಾಡ್ತಿದ್ದೆ ಗೊತ್ತಾ ಬೇಟಾ? ಸೆಂಟರ್ ಬೋರ್ಡ್ ಬರೆಯೋನ ಹತ್ರ ಜಗಳ. ಹಸಿರು ಬಣ್ಣ ಸರಿ ಬಂದಿಲ್ಲ ಅಂತ. ಮಧ್ಯಾಹ್ನ ಊಟಾನೂ ಮಾಡಿಲ್ಲ, ಅಷ್ಟು ಸಿಟ್ಟು." ಉಸಿರು ತೆಗೆದುಕೊಳ್ಳಲು ನಿಂತರು. "ಎದೆ ನೋಡಿದ್ರೆ ಇಷ್ಟು ಸಾಫ್ ಇತ್ತು. ನಾನು ಬಣ್ಣಕ್ಕೆ ಅಳ್ತಾ ಇದ್ದೆ."